ಸುಂಡಿಲಿಯ ಮಿದುಳಲ್ಲಿ ಹಸಿವಿನ ನರಕೋಶ ಹುಡುಕುವುದು ಹೇಗೆ?

ಜುಲೈ ಬಂದರೆ ಕೊಡಗಿನಲ್ಲಿ ಮಳೆ ರಜೆ ಇದ್ದದ್ದೇ. ಪಿಯುಸಿಯಲ್ಲಿ ಬಯಾಲಜಿ ಓದುವವರು ಆ ರಜೆಯಲ್ಲಿ, ನೆಟ್‌ನಲ್ಲಿರುವ ಮಿದುಳಿನ ಚಿತ್ರ-ನಕ್ಷೆಗಳಲ್ಲಿ ಈ ಹುಡುಕಾಟ ಮಾಡಿ ನೋಡಬಹುದು. ಕರೆಂಟ್, ನೆಟ್ ಎರಡೂ ಇರಬೇಕು, ಅದೇ ಕಷ್ಟ! ಚಿತ್ರಗಳು ದೊಡ್ಡವು, ಮೊಬೈಲ್‌ಗಿಂತ ಲ್ಯಾಪ್‌ಟಾಪ್ ವಾಸಿ.

ನೋಡಬೇಕಾದ ಜಾಗ ಹೈಪೊಥಲಾಮಸ್. ಮಿದುಳಿನ ತಳದಲ್ಲಿದೆ, ಪುಟ್ಟದು. ಹಸಿವು, ಬಾಯಾರಿಕೆ, ನಿದ್ದೆ, ಮೈಯ ಬಿಸಿ ಎಲ್ಲದರಲ್ಲೂ ಇದರ ಕೈವಾಡವಿದೆ.

ಮೊದಲು 'ಅಲೆನ್ ಮೌಸ್ ಬ್ರೈನ್ ಅಟ್ಲಾಸ್' ತೆರೆಯಿರಿ. ಸಿಯಾಟಲ್‌ನ ಅಲೆನ್ ಇನ್‌ಸ್ಟಿಟ್ಯೂಟ್ 2006ರಲ್ಲಿ ಮುಗಿಸಿದ ಕೆಲಸ ಇದು. ಸುಮಾರು 20,000 ಜೀನ್‌ಗಳು ಸುಂಡಿಲಿಯ ಮಿದುಳಲ್ಲಿ ಎಲ್ಲೆಲ್ಲಿ ಚಾಲೂ ಇವೆ ಎಂದು ತೋರಿಸುತ್ತದೆ. ಪುಕ್ಕಟೆ.

ಹುಡುಕುವ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ 'ಎಜಿಆರ್‌ಪಿ' ಎಂಬ ಜೀನ್‌ನ ಹೆಸರು ಹಾಕಿ. ಚಿತ್ರ ಹಿಗ್ಗಿಸಿ ತಳಭಾಗಕ್ಕೆ ಹೋಗಿ. ಹೆಚ್ಚುಕಡಿಮೆ ಇಡೀ ಮಿದುಳು ಖಾಲಿ, ಹೈಪೊಥಲಾಮಸ್‌ನ ಆರ್ಕ್ಯುಯೇಟ್ ಎಂಬ ಒಂದೇ ಮೂಲೆಯಲ್ಲಿ ಕಡು ಕಲೆ. ಅವೇ ಹಸಿವಿನ ನರಕೋಶಗಳು. ಹೊಟ್ಟೆ ತುಂಬಿದ ಇಲಿಯಲ್ಲೂ ಇವನ್ನು ಕೆರಳಿಸಿದರೆ ಅದು ಮತ್ತೆ ತಿನ್ನಲು ಹೊರಡುತ್ತದೆ.

ಈಗ 'ಪಿಒಎಂಸಿ' ಎಂಬ ಇನ್ನೊಂದು ಜೀನ್ ಹಾಕಿ. ಮತ್ತೆ ಅದೇ ಆರ್ಕ್ಯುಯೇಟ್! ಆದರೆ ಈ ಕೋಶಗಳ ಕೆಲಸ ತಿನ್ನುವುದಕ್ಕೆ ತಡೆ ಹಾಕುವುದು. ಅಕ್ಕಪಕ್ಕದಲ್ಲೇ ಇದ್ದು ಒಂದಕ್ಕೊಂದು ಉಲ್ಟಾ. ಅಂದರೆ ಜಾಗ ನೋಡಿ ಕೋಶದ ಬಗೆ ಹೇಳಲಾಗದು, ಅಲ್ವಾ? ಮೂರನೆಯದಾಗಿ 'ಎಚ್‌ಸಿಆರ್‌ಟಿ' ನೋಡಿ. ಇದು ಸ್ವಲ್ಪ ಪಕ್ಕಕ್ಕೆ ಸರಿದಿರುತ್ತದೆ. ಎಚ್ಚರವಾಗಿಡುವ ಕೋಶಗಳಿವು, ಮನುಷ್ಯರಲ್ಲಿ ಇವು ಸತ್ತರೆ ನಾರ್ಕೊಲೆಪ್ಸಿ ಎಂಬ ನಿದ್ದೆಯ ಕಾಯಿಲೆ ಬರುತ್ತದೆ.

ಆಮೇಲೆ ಅದೇ ಸಂಸ್ಥೆಯ 'ಎಬಿಸಿ ಅಟ್ಲಾಸ್'ಗೆ ಬನ್ನಿ. 2023ರ ಡಿಸೆಂಬರ್‌ನಲ್ಲಿ ಪ್ರಕಟವಾದ ಲೆಕ್ಕದಂತೆ ಸುಂಡಿಲಿಯ ಮಿದುಳಲ್ಲಿ ಕೋಶಗಳ 5,322 ಗುಂಪುಗಳಿವೆ. ಇಲ್ಲಿ ಎರಡು ಬಗೆಯ ಮಾಹಿತಿ ಇದೆ. ಒಂದರಲ್ಲಿ ಕೋಶಗಳನ್ನು ಬಿಡಿಸಿ ತೆಗೆದು ಒಂದೊಂದರ ಜೀನ್ ಓದಿದ್ದಾರೆ. ತೋಟದ ರೊಬಸ್ಟಾ, ಅರೇಬಿಕಾ, ಮೆಣಸು, ಸಿಲ್ವರ್ ಓಕ್ ಎಲ್ಲದರ ಎಲೆ ಕಿತ್ತು ಒಂದೇ ಚೀಲಕ್ಕೆ ತುಂಬಿದ ಹಾಗೆ: ಏನೇನಿದೆ ಗೊತ್ತಾಗುತ್ತದೆ, ಯಾವ ಮರಕ್ಕೆ ಯಾವ ಬಳ್ಳಿ ಹಬ್ಬಿತ್ತು ಗೊತ್ತಾಗುವುದಿಲ್ಲ. ಇನ್ನೊಂದು ಮರ್‌ಫಿಶ್ ವಿಧಾನ. ಇದರಲ್ಲಿ ಮಿದುಳಿನ ತೆಳು ಸೀಳಿನ ಮೇಲೆ, ಕೋಶ ಇದ್ದಲ್ಲೇ ನೂರಾರು ಜೀನ್‌ಗಳನ್ನು ಎಣಿಸುತ್ತಾರೆ. ನನ್ನ ಕೇಳಿದರೆ ನಿಜವಾದ ಮಜಾ ಇದರಲ್ಲೇ.

ಒಂದು ಎಚ್ಚರಿಕೆ. ಈ ಅಟ್ಲಾಸ್‌ನಲ್ಲಿ ಒಂದೊಂದು ಕೋಶಕ್ಕೆ ಒಂದೊಂದು ಚುಕ್ಕೆ ಇಟ್ಟ, ಬಣ್ಣದ ಮೋಡದಂಥ ನಕ್ಷೆಯೂ ಇದೆ. ಅದರಲ್ಲಿ ಎರಡು ಚುಕ್ಕೆ ಹತ್ತಿರ ಇದ್ದರೆ ಮಿದುಳಲ್ಲೂ ಹತ್ತಿರ ಎಂದುಕೊಳ್ಳಬೇಡಿ. ಅವುಗಳ ಜೀನ್ ಬಳಕೆ ಹೋಲುತ್ತದೆ, ಅಷ್ಟೇ. ಜಾಗ ಬೇಕಿದ್ದರೆ ಸೀಳಿನ ಚಿತ್ರಕ್ಕೇ ಹೋಗಬೇಕು. ಅಲ್ಲಿ 'ಎಸ್‌ಎಲ್‌ಸಿ17ಎ7', ಆಮೇಲೆ 'ಎಸ್‌ಎಲ್‌ಸಿ17ಎ6' ಹಾಕಿ ನೋಡಿ. ಎರಡೂ, ನರಕೋಶಗಳು ಸಂದೇಶ ಕಳಿಸಲು ಬಳಸುವ ಗ್ಲುಟಮೇಟ್ ಎಂಬ ರಾಸಾಯನಿಕವನ್ನು ಕೋಶದೊಳಗಿನ ಪುಟ್ಟ ಚೀಲಗಳಿಗೆ ತುಂಬುವ ಕೆಲಸದ ಜೀನ್‌ಗಳೇ. ಮೊದಲನೆಯದು ಮಿದುಳಿನ ಮೇಲ್ಪದರವಾದ ಕಾರ್ಟೆಕ್ಸನ್ನು ಬೆಳಗಿಸುತ್ತದೆ, ಎರಡನೆಯದು ಥಲಾಮಸ್, ಹೈಪೊಥಲಾಮಸ್ ಕಡೆಗೆ ಜಾಸ್ತಿ.