ಟೈಟಾನಿಯಂ ಬಾರ್‌ಗೆ ಸುಂಕ ವಿನಾಯಿತಿ: ಸಣ್ಣ ಕಾರ್ಖಾನೆಯಲ್ಲಿ ಐಜಿಸಿಆರ್ ನಡೆಸಿದ ಬಗೆ

ಮೂಳೆ ಸ್ಕ್ರೂ, ಪ್ಲೇಟು ಮಾಡುವ ಸಣ್ಣ ಘಟಕಗಳಿಗೆ ಐಜಿಸಿಆರ್ (ಇಂಥದ್ದೇ ಕೆಲಸಕ್ಕೆ ಬಳಸುತ್ತೇವೆ ಎಂದು ಒಪ್ಪಿ, ಕಡಿಮೆ ಅಥವಾ ಸೊನ್ನೆ ಸುಂಕದಲ್ಲಿ ಸರಕು ಆಮದು ಮಾಡಿಕೊಳ್ಳುವ ಕಸ್ಟಮ್ಸ್ ನಿಯಮ) ಒಗ್ಗುವುದಿಲ್ಲ ಎಂಬ ಮಾತು ಪೀಣ್ಯದಲ್ಲಿ ಇವತ್ತಿಗೂ ಇದೆ. ನಮ್ಮ ಸಿಎಚ್‌ಎ (ಕಸ್ಟಮ್ಸ್ ಕೆಲಸ ಮಾಡಿಕೊಡುವ ಏಜೆಂಟ್), ಆಡಿಟರ್ ಇಬ್ಬರದೂ ಅದೇ ರಾಗ: "ಉಳಿಯೋದು ಅಷ್ಟರಲ್ಲೇ ಇದೆ ಸಾರ್, ಲೆಕ್ಕ ಇಡೋಕೆ ಅಂತಲೇ ಒಬ್ಬನ್ನ ಇಟ್ಕೋಬೇಕು, ಸುಮ್ನೆ ಡ್ಯೂಟಿ ಕಟ್ಟಿಬಿಡಿ." ಈಗ ನಮ್ಮ ಬಾರ್‌ಗಳು ಸೊನ್ನೆ ಮೂಲ ಸುಂಕದಲ್ಲಿ ಬರುತ್ತಿವೆ. ಹೊಸಬರನ್ನು ಇಟ್ಟಿಲ್ಲ. ತಪಾಸಣೆಯೂ ಆಗಿ ಹೋಯಿತು. ಹಾಗಾಗಿ ಬರೆದಿಡುತ್ತಿದ್ದೇನೆ.

ಮೊದಲು ದುಡ್ಡಿನ ವಿಚಾರ. ಉಳಿಯುವುದು ಮೂಲ ಸುಂಕ ಮತ್ತು ಅದರ ಮೇಲಿನ 10% ಸಮಾಜ ಕಲ್ಯಾಣ ಸರ್‌ಚಾರ್ಜ್ ಮಾತ್ರ. ಐಜಿಎಸ್‌ಟಿ (ಆಮದಿನ ಮೇಲಿನ ಜಿಎಸ್‌ಟಿ) ಕಟ್ಟಲೇಬೇಕು, ಅದು ಹೇಗೂ ಕ್ರೆಡಿಟ್ ಆಗಿ ಬರುತ್ತದೆ. 10 ಲಕ್ಷದ ಸರಕಿಗೆ ಮೂಲ ಸುಂಕ 10% ಅಂತ ಹಿಡಿದರೆ ಸರ್‌ಚಾರ್ಜ್ ಸೇರಿ 1,10,000 ರೂಪಾಯಿ ನಿಜವಾದ ಉಳಿತಾಯ. 18% ಐಜಿಎಸ್‌ಟಿ 1,99,800ರಿಂದ 1,80,000ಕ್ಕೆ ಇಳಿಯುತ್ತದಲ್ಲ, ಆ 19,800 ಉಳಿತಾಯವಲ್ಲ. ಸ್ವಲ್ಪ ದಿನ ಕೈಯಲ್ಲಿ ಓಡಾಡುವ ದುಡ್ಡು, ಅಷ್ಟೇ. ಕೆಲವು ಕನ್ಸಲ್ಟೆಂಟರು ಅದನ್ನೂ ಲಾಭಕ್ಕೆ ಕೂಡಿಸಿ ತಮ್ಮ ಫೀಸಿಗೆ ಸಮರ್ಥನೆ ಕೊಡುತ್ತಾರೆ. ಕಸ್ಟಮ್ಸ್‌ಗೆ ಕೊಡುವ ಬ್ಯಾಂಕ್ ಗ್ಯಾರಂಟಿಯ ಕಮಿಷನ್, ಎಫ್‌ಡಿ ಮಾರ್ಜಿನ್‌ನಲ್ಲಿ ಸಿಕ್ಕಿಕೊಂಡ ದುಡ್ಡಿನ ಬಡ್ಡಿ, ಸಿಎಚ್‌ಎ ಕೇಳುವ ಹೆಚ್ಚುವರಿ, ಎಲ್ಲ ಕಳೆದ ಮೇಲೂ ನಮಗೆ ಮುಕ್ಕಾಲು ಪಾಲಿನ ಮೇಲೆ ದಕ್ಕುತ್ತಿದೆ.

ಬಹಳ ಮಂದಿ ಎಡವುವುದು ಅಧಿಸೂಚನೆಯ ಪದಗಳಲ್ಲಿ. ಇಂಪ್ಲಾಂಟ್ (ಮೈಯೊಳಗೆ ಕೂರಿಸುವ ಸ್ಕ್ರೂ, ಪ್ಲೇಟಿನಂಥವು) ತಯಾರಿಕೆಗೆ ವಿನಾಯಿತಿ ಇರುವುದು ಸ್ಪೆಷಲ್ ಗ್ರೇಡ್ ಸ್ಟೇನ್‌ಲೆಸ್ ಸ್ಟೀಲ್, ಟೈಟಾನಿಯಂ ಅಲಾಯ್, ಕೋಬಾಲ್ಟ್-ಕ್ರೋಮ್ ಅಲಾಯ್ ಮತ್ತು ಪಾಲಿಎಥಿಲೀನ್‌ಗೆ. ಟೈಟಾನಿಯಂ "ಅಲಾಯ್", ಅಂದರೆ ಮಿಶ್ರಲೋಹ ಎಂದಿದೆ, ಗಮನಿಸಿ. ಎಎಸ್‌ಟಿಎಂ (ವಸ್ತುಗಳಿಗೆ ಮಾನದಂಡ ಕೊಡುವ ಸಂಸ್ಥೆ) ಎಫ್ 136, ಅಂದರೆ 6% ಅಲ್ಯೂಮಿನಿಯಂ 4% ವೆನೇಡಿಯಂ ಇರುವ, ಕಲ್ಮಶ ತೀರ ಕಡಿಮೆಯ ಇಎಲ್‌ಐ ಬಾರ್, ಇದಕ್ಕೆ ತಕರಾರಿಲ್ಲ. ಆದರೆ ಮಿನಿ ಪ್ಲೇಟಿಗೆ ಬಳಸುವ ಎಫ್ 67 ಶುದ್ಧ ಟೈಟಾನಿಯಂ, ಅಲಾಯ್ ಅಲ್ಲವೇ ಅಲ್ಲ. ಎರಡೂ ಒಂದೇ ಇನ್‌ವಾಯ್ಸ್‌ನಲ್ಲಿ ಬಂದು, ಎರಡಕ್ಕೂ ವಿನಾಯಿತಿ ಕೇಳಿದರೆ ಇಡೀ ಬಿಲ್ ಆಫ್ ಎಂಟ್ರಿ (ಆಮದು ಸರಕಿಗೆ ಕಸ್ಟಮ್ಸ್‌ಗೆ ಸಲ್ಲಿಸುವ ದಾಖಲೆ) ಪ್ರಶ್ನೆಯಲ್ಲಿ ನಿಲ್ಲುತ್ತದೆ. ಎಫ್ 67ಕ್ಕೆ ನಾನು ಸುಂಕ ಕಟ್ಟಿಯೇ ತರಿಸುತ್ತೇನೆ, ಬೇರೆ ಇನ್‌ವಾಯ್ಸ್‌ನಲ್ಲಿ. ಸ್ಟೀಲ್‌ನಲ್ಲೂ ಹಾಗೇ. ಬರೀ "316 ಎಲ್" ಎಂದು ಬರೆದರೆ ಅದು ಡೇರಿ ಪೈಪಿನ ಸ್ಟೀಲ್ ಕೂಡ ಹೌದು. ಪಿಒ (ಖರೀದಿ ಆದೇಶ), ಇನ್‌ವಾಯ್ಸ್, ಮಿಲ್ ಸರ್ಟಿಫಿಕೇಟ್, ಬಿಲ್ ಆಫ್ ಎಂಟ್ರಿ ನಾಲ್ಕರಲ್ಲೂ "316 ಎಲ್‌ವಿಎಂ, ಎಎಸ್‌ಟಿಎಂ ಎಫ್ 138" ಎಂದು ಅಕ್ಷರಶಃ ಒಂದೇ ಥರ ಇರಬೇಕು. ಪಾಲಿಎಥಿಲೀನ್ ನೋಡಿ ಪೀಕ್ ರಾಡ್‌ಗೂ ಸಿಗಬಹುದು ಅಂತ ಆಸೆಪಡಬೇಡಿ, ಅದು ಬೇರೆಯೇ ಪಾಲಿಮರ್.

ಕಸ್ಟಮ್ಸ್‌ನ ಐಸ್‌ಗೇಟ್ ಪೋರ್ಟಲ್‌ನಲ್ಲಿ ಐಜಿಸಿಆರ್-1 ಅರ್ಜಿ ತುಂಬುವುದು ದೊಡ್ಡ ಕೆಲಸವಲ್ಲ. ಜಾಬ್ ವರ್ಕರ್‌ಗಳ ಹೆಸರನ್ನು ಮಾತ್ರ ಆಗಲೇ ಹಾಕಿಬಿಡಿ. ಅನೋಡೈಸಿಂಗ್, ಪ್ಯಾಸಿವೇಷನ್ ಹೊರಗೆ ಮಾಡಿಸುವವರು ಇದನ್ನು ಮರೆತು ಆಮೇಲೆ ತಿದ್ದುಪಡಿಗೆ ಅಲೆಯುತ್ತಾರೆ. ಒಪ್ಪಿಗೆಯಾದ ಮೇಲೆ ಐಐಎನ್ ಎಂಬ ಗುರುತಿನ ಸಂಖ್ಯೆ ಬರುತ್ತದೆ. ಅದನ್ನೂ ಬಾಂಡ್ (ಷರತ್ತು ಮುರಿದರೆ ಸುಂಕ ಕಟ್ಟುತ್ತೇವೆ ಎಂಬ ಮುಚ್ಚಳಿಕೆ) ಸಂಖ್ಯೆಯನ್ನೂ ಬಿಲ್ ಆಫ್ ಎಂಟ್ರಿಯಲ್ಲಿ ಕೊಟ್ಟರೆ ಬಿಟ್ಟುಕೊಟ್ಟ ಸುಂಕದಷ್ಟು ಬಾಂಡ್‌ನಲ್ಲಿ ಕಡಿತವಾಗುತ್ತದೆ. ಸರಕು ಚೆನ್ನೈನಲ್ಲಿ ಇಳಿದರೂ ಸರಿ, ವೈಟ್‌ಫೀಲ್ಡ್ ಡಿಪೋಗೆ ಬಂದರೂ ಸರಿ, ಬಾಂಡ್ ಮತ್ತು ಲೆಕ್ಕ ಕಾರ್ಖಾನೆ ಇರುವ ವ್ಯಾಪ್ತಿಯ ಕಸ್ಟಮ್ಸ್‌ನಲ್ಲೇ.

ಬಾಂಡ್ ಮೊತ್ತ ಎಷ್ಟಿರಬೇಕು ಎಂಬುದರಲ್ಲೇ ಹಲವರ ದುಡ್ಡು ಹೋಗುವುದು. ಒಂದು ತ್ರೈಮಾಸಿಕದ ಸುಂಕಕ್ಕೆ ಸರಿಯಾಗಿ ಮಾಡಿಸಿದರೆ ಎರಡನೇ ಕಂಟೇನರ್ ಬಂದಾಗ ಬಾಂಡ್ ಖಾಲಿ, ಸರಕು ಬಂದರಿನಲ್ಲಿ, ಡೆಮರೇಜ್ (ತಡವಾದದ್ದಕ್ಕೆ ಬಂದರಿನ ಬಾಡಿಗೆ) ನಿಮ್ಮ ತಲೆಗೆ. 2025ರ ಬಜೆಟ್‌ನಲ್ಲಿ ತಿಂಗಳ ಲೆಕ್ಕವನ್ನು ಮೂರು ತಿಂಗಳಿಗೊಮ್ಮೆ ಮಾಡಿದರು, ಬಳಸುವ ಗಡುವನ್ನು 6 ತಿಂಗಳಿಂದ 1 ವರ್ಷಕ್ಕೆ ಏರಿಸಿದರು. ಎಲ್ಲರೂ ಖುಷಿಪಟ್ಟರು. ಆದರೆ ಜನವರಿಯಲ್ಲಿ ಬಂದು ಫೆಬ್ರವರಿಯಲ್ಲಿ ಸ್ಕ್ರೂ ಆದ ಬಾರ್‌ನ ಮೊತ್ತ ಬಾಂಡ್‌ಗೆ ಮರಳಲು ಏಪ್ರಿಲ್ ತನಕ ಕಾಯಬೇಕು. ಕಾಯಲಾಗದಿದ್ದರೆ ಐಜಿಸಿಆರ್-3ಎ ಅರ್ಜಿ ಹಾಕಿ ಮಧ್ಯದಲ್ಲೇ ಮರುಜಮೆ ಪಡೆಯಬಹುದು. ಇದು ಇದೆ ಎಂದೇ ಎಷ್ಟೋ ಸಿಎಚ್‌ಎಗಳಿಗೆ ಗೊತ್ತಿಲ್ಲ. ಎರಡು ತ್ರೈಮಾಸಿಕಕ್ಕೆ ಬಾಂಡ್, ಜೊತೆಗೆ ಬೇಕಾದಾಗ 3ಎ, ಇದು ನನ್ನ ಅಳತೆ. ಬ್ಯಾಂಕ್ ಗ್ಯಾರಂಟಿ ಶೇಕಡಾವಾರು ಇಳಿಸಲು ಪತ್ರದಲ್ಲಿ ಏನು ಬರೆದೆ ಎಂಬುದನ್ನು ಮಾತ್ರ ಕೇಳಬೇಡಿ. ಎಇಒ (ಕಸ್ಟಮ್ಸ್ ಒಪ್ಪಿದ ನಂಬಿಕಸ್ಥ ವ್ಯಾಪಾರಿ) ಮಾನ್ಯತೆ ಇದ್ದರೆ ಅದರ ಅಗತ್ಯವೂ ಅಷ್ಟಾಗಿ ಬರುವುದಿಲ್ಲ.

ಇನ್ನು ನಿಜವಾದ ತಲೆನೋವು, ಚಿಪ್ಸ್, ಅಂದರೆ ಲೇತ್‌ನಲ್ಲಿ ಉದುರುವ ಲೋಹದ ಚೂರು. 8 ಎಂಎಂ ಟೈಟಾನಿಯಂ ಬಾರ್, 3 ಮೀಟರ್ ಉದ್ದ, ತೂಕ ಸುಮಾರು 670 ಗ್ರಾಂ. 40 ಎಂಎಂ ಕಾರ್ಟೆಕ್ಸ್ ಸ್ಕ್ರೂಗೆ ಪಾರ್ಟಿಂಗ್ (ಕತ್ತರಿಸಿ ಬೇರ್ಪಡಿಸುವಾಗ ಹೋಗುವುದು) ಸೇರಿ 43 ಎಂಎಂ ಹೋಗುತ್ತದೆ. ಸ್ವಿಸ್ ಲೇತ್‌ನಲ್ಲಿ ಕೊನೆಗೆ 200 ಎಂಎಂ ತುಂಡು ಉಳಿಯುತ್ತದೆ. ಬಾರ್‌ಗೆ 65 ಸ್ಕ್ರೂ. ಅಂದರೆ ಸ್ಕ್ರೂ ಒಂದಕ್ಕೆ 10 ಗ್ರಾಂ ಚಿಲ್ಲರೆ ಬಾರ್ ಖರ್ಚು, ಕೈಗೆ ಬರುವ ಸ್ಕ್ರೂ 2 ಗ್ರಾಂ ಚಿಲ್ಲರೆ. "ಉಳಿದ 8 ಗ್ರಾಂ ಎಲ್ಲಿ ಹೋಯ್ತು?" ಎಂದು ಕೇಳುವ ಅಧಿಕಾರಿಗೆ ಬಾಯಲ್ಲಿ ಹೇಳಿದರೆ ಆಗದು. ಪ್ರತಿ ಸೈಜಿಗೂ ಬಾರ್ ವ್ಯಾಸ, ಕಟ್ ಉದ್ದ, ಬಾರ್‌ಗೆ ಎಷ್ಟು ನಗ, ಸಿದ್ಧ ತೂಕ ಬರೆದ ಹಾಳೆಗೆ ಚಾರ್ಟರ್ಡ್ ಎಂಜಿನಿಯರ್ ಸಹಿ ಮಾಡಿಸಿ ಮೊದಲೇ ಫೈಲಿನಲ್ಲಿಡಿ. ಗುಜರಿಗೆ ಕೊಟ್ಟ ಚಿಪ್ಸ್‌ನ ಬಿಲ್ಲಿನಲ್ಲಿ ತೂಕ ಇರಲಿ. ಎಣ್ಣೆ ಹತ್ತಿದ ಚಿಪ್ಸ್ ಲೆಕ್ಕಕ್ಕಿಂತ ಹತ್ತು ಪರ್ಸೆಂಟ್ ಆಸುಪಾಸು ಹೆಚ್ಚು ತೂಗುತ್ತದೆ, ಬಸಿದು ತೂಕ ಹಾಕಿ. ಡ್ರಮ್ಮಿಗೆ ಮುಚ್ಚಳ ಹಾಕಿಡಿ. ಟೈಟಾನಿಯಂ ಚಿಪ್ಸ್ ಹತ್ತಿಕೊಂಡರೆ ನೀರು ಸುರಿಯುವಂತಿಲ್ಲ.

ಬಾರ್ ಎಣಿಕೆಗೆ ನಮ್ಮದು ಸುಲಭದ ದಾರಿ. ವಿನಾಯಿತಿಯಲ್ಲಿ ಬಂದ ಬಾರ್‌ನ ಎರಡೂ ತುದಿಗೆ ಹಸಿರು ಬಣ್ಣ. ಮುಂದಿನ ತುದಿ ಮೊದಲ ಫೇಸಿಂಗ್‌ನಲ್ಲೇ ಹೋಗುತ್ತದೆ, ಹಿಂದಿನದು ಉಳಿದ ತುಂಡಿನ ಮೇಲೆ ಹಾಗೇ ಇರುತ್ತದೆ. ಎಷ್ಟು ಹಸಿರು ತುಂಡೋ ಅಷ್ಟು ಬಾರ್ ಖರ್ಚಾಗಿದೆ. ತ್ರೈಮಾಸಿಕ ಲೆಕ್ಕ ಮುಗಿಯುವ ತನಕ ತುಂಡುಗಳನ್ನು ಮಾರಬೇಡಿ. ಆ 200 ಎಂಎಂ ಕಡಿಮೆ ಮಾಡಲು ಬಾರ್‌ಗೆ ಆಸರೆ ಕೊಡುವ ಗೈಡ್ ಬುಷ್ ತೆಗೆದು ಓಡಿಸಿಯೂ ನೋಡಿದೆವು. 16, 18 ಎಂಎಂ ಸ್ಕ್ರೂಗೆ ಚೆನ್ನಾಗಿ ನಡೆಯಿತು, 40ಕ್ಕೆ ಥ್ರೆಡ್ ಮೇಲೆಲ್ಲ ಚಾಟರ್ (ಅದುರಿದ ಗುರುತು). ಉದ್ದದವಕ್ಕೆ ಬುಷ್ ವಾಪಸ್ ಹಾಕಿದೆವು. ಹಾಳೆಯಲ್ಲಿ ಎರಡಕ್ಕೂ ಬೇರೆ ಬೇರೆ ಸಾಲು.

ಆಡಿಟರ್ ಹೆದರಿಸಿದ "ಒಬ್ಬ ಗುಮಾಸ್ತ" ಏಕೆ ಬೇಕಾಗಲಿಲ್ಲ ಎಂದರೆ, ನಾವು ಹೊಸ ರಿಜಿಸ್ಟರ್ ತೆರೆಯಲೇ ಇಲ್ಲ. ಇಂಪ್ಲಾಂಟ್ ಮಾಡುವವರೆಲ್ಲ ಐಎಸ್‌ಒ 13485 (ವೈದ್ಯಕೀಯ ಸಾಧನಗಳ ಗುಣಮಟ್ಟದ ಮಾನದಂಡ) ಸಲುವಾಗಿ ಹೀಟ್ ನಂಬರಿನಿಂದ (ಲೋಹ ಕರಗಿಸಿದ ಬ್ಯಾಚಿನ ಸಂಖ್ಯೆ) ಲಾಟ್ ತನಕ ದಾಖಲೆ ಇಡುತ್ತೇವೆ. ಬ್ಯಾಚ್ ಕಾರ್ಡಿನಲ್ಲಿ ಹೀಟ್ ನಂಬರಿನ ಪಕ್ಕ ಬಿಲ್ ಆಫ್ ಎಂಟ್ರಿ ನಂಬರ್, ಐಟಂ ಸಾಲು, ತೆಗೆದುಕೊಂಡ ಬಾರ್ ಎಣಿಕೆ ಹಾಕಲು ಮೂರು ಕಾಲಂ ಸೇರಿಸಿದೆವು. ಮೂರು ತಿಂಗಳ ಲೆಕ್ಕದ ನಮೂನೆ ಐಜಿಸಿಆರ್-3 ಅದರಿಂದಲೇ ಹೊರಡುತ್ತದೆ. ಒಂದೇ ಹೀಟ್ ಎರಡು ಬಿಲ್‌ಗಳಲ್ಲಿ ಬಂದಾಗ ಗೊಂದಲವಾಗುತ್ತದೆ. ಅದಕ್ಕೆ ಶೀಟಿನಲ್ಲಿ ಒಂದು ಸೂತ್ರವಿದೆ, ಅದು ನನ್ನಲ್ಲೇ ಇರಲಿ.

ಸ್ಟೀಲ್ ಬಾರ್‌ನಲ್ಲಿ ಇನ್ನೊಂದು ಅಪಾಯ. ಡ್ರಿಲ್ ಗೈಡ್, ಸ್ಲೀವ್ ತುರ್ತಾಗಿ ಬೇಕಾದಾಗ ಮೆಷಿನ್‌ನವರು ಹತ್ತಿರದ ಬಾರ್ ಎಳೆದುಕೊಳ್ಳುತ್ತಾರೆ. ಉಪಕರಣ ಇಂಪ್ಲಾಂಟ್ ಅಲ್ಲ, ಅಷ್ಟಕ್ಕೆ ಸುಂಕ ಮತ್ತು 15% ಬಡ್ಡಿ ಕಟ್ಟಬೇಕಾಗುತ್ತದೆ. ಹಸಿರು ರ‍್ಯಾಕಿಗೆ ಬೀಗ ಹಾಕಿ, ಬೀಗದ ಕೈ ಸ್ಟೋರ್ಸ್‌ನಲ್ಲಿರಲಿ. ಜಾಬ್ ವರ್ಕ್‌ಗೆ ಹೋದ ಸರಕಿನ ಗಡುವು ಬೇರೆಯೇ ಓಡುತ್ತದೆ, ಇ-ವೇ ಬಿಲ್ ದಿನಾಂಕದಿಂದ 6 ತಿಂಗಳು.

ಅಡ್ವಾನ್ಸ್ ಆಥರೈಸೇಷನ್ (ರಫ್ತು ಮಾಲಿಗೆ ಬೇಕಾದದ್ದನ್ನು ಸುಂಕವಿಲ್ಲದೆ ತರಿಸುವ ಯೋಜನೆ) ಏಕಲ್ಲ ಎಂದು ಕೇಳುವವರಿಗೆ: ಅದರಲ್ಲಿ ಐಜಿಎಸ್‌ಟಿಯೂ ಬಿಡುತ್ತದೆ, ಆದರೆ 15% ಮೌಲ್ಯವರ್ಧನೆಯೊಂದಿಗೆ ರಫ್ತು ಮಾಡಿ ತೋರಿಸಬೇಕು. ನಮ್ಮ ಮಾಲು ಹೆಚ್ಚಿನಂಶ ಇಲ್ಲಿನ ಆಸ್ಪತ್ರೆಗಳಿಗೇ ಹೋಗುವುದು. ಬಾಂಡೆಡ್ ಕಾರ್ಖಾನೆ (ಆಮದು ಸುಂಕ ಮುಂದೂಡಿ ತಯಾರಿಸುವ ಘಟಕ) ಮಾಡಿಕೊಂಡರೂ ಇಲ್ಲಿ ಮಾರುವಾಗ ಸುಂಕ ಬಂದೇ ಬರುತ್ತದೆ.

ಷರತ್ತಿನ ವಿನಾಯಿತಿಗಳಿಗೆ ಮುಗಿಯುವ ದಿನಾಂಕ ಇರುತ್ತದೆ, ಸಾಮಾನ್ಯವಾಗಿ ಮಾರ್ಚ್ 31. ಮಾರ್ಚ್‌ನಲ್ಲಿ ಹಡಗಿಗೆ ಹತ್ತುವ ಸರಕಿನ ಪಿಒ ಹಾಕುವ ಮೊದಲು ಅದನ್ನು ನೋಡಿ. ಹಳೆಯ 50/2017 ಅಧಿಸೂಚನೆಯೂ 2025ರ ನವೆಂಬರ್ 1ರಿಂದ 45/2025ರೊಳಗೆ ಸೇರಿದೆ, ಕ್ರಮಸಂಖ್ಯೆಯನ್ನು ಹೊಸದಾಗಿ ಹುಡುಕಿಕೊಳ್ಳಬೇಕು. ಸಿಎಚ್‌ಎ ಆಫೀಸಿನ ಹುಡುಗರು ಹಿಂದಿನ ಬಿಲ್ ಕಾಪಿ ಮಾಡಿ ಹಳೆಯ ಸಂಖ್ಯೆಯನ್ನೇ ಹಾಕುತ್ತಾರೆ. ಚೆಕ್‌ಲಿಸ್ಟ್ ವಾಟ್ಸಾಪ್‌ನಲ್ಲಿ ತರಿಸಿಕೊಂಡು ಆ ಒಂದು ಸಾಲು ಓದಿದ ಮೇಲೆಯೇ "ಓಕೆ" ಕಳಿಸಿ.