ಇಡ್ಲಿ ಪಾತ್ರೆಯಿಂದ ಕೆಂಡಕ್ಕೆ: ನಮ್ಮ ತಾರಸಿಯ ಪೋರ್ಕ್ ರಿಬ್ಸ್

ಶ್ರೀನಿವಾಸಪುರದ ನಮ್ಮ ಮನೆ ತಾರಸಿಯಲ್ಲಿ ಮೊದಲ ಸಲ ಬಾರ್ಬೆಕ್ಯೂ ಮಾಡಿದಾಗ ಹಸಿ ಪಕ್ಕೆಲುಬನ್ನು ನೇರ ಕೆಂಡಕ್ಕೇ ಇಟ್ಟಿದ್ದೆ. ಮೇಲೆಲ್ಲ ಸೀದು ಹೋಯಿತು, ಒಳಗೆ ಬರೀ ನಾರು. ಅಪ್ಪನಿಗೆ ಹಲ್ಲಿನ ತೊಂದರೆ. ಒಂದು ತುಂಡು ಬಾಯಿಗಿಟ್ಟು, ಏನೂ ಹೇಳದೆ ತಟ್ಟೆಯಲ್ಲಿ ಇಟ್ಟುಬಿಟ್ಟರು. ಅವರು ತಿನ್ನುವಷ್ಟು ಮೆತ್ತಗೆ ಆಗಲೇಬೇಕು ಅಂತ ಮಾಡುತ್ತಾ ಮಾಡುತ್ತಾ ಈ ವಿಧಾನ ಕೈಗೆ ಬಂತು.

ಅಂಗಡಿಯಲ್ಲೇ ಮೊದಲ ಕೆಲಸ. ಸಾರಿಗೆ ಹೊಡೆಯುವ ಹಾಗೆ ಸಣ್ಣ ತುಂಡು ಮಾಡಬೇಡಿ ಅಂತ ಮುಂಚೆಯೇ ಹೇಳಿ. ಐದಾರು ಮೂಳೆ ಒಟ್ಟಿಗಿರುವ ಹಲಗೆಯಂಥ ತುಂಡು ಬೇಕು. ಒಂದೂವರೆ ಕೆಜಿ ನಾಲ್ಕು ಜನಕ್ಕೆ ಸಾಕು. ಮೂಳೆ ಕಡೆಗೆ ತೆಳ್ಳಗಿನ ಬಿಳಿ ಪೊರೆ ಇರುತ್ತದೆ. ಚಮಚದ ಹಿಡಿಯಿಂದ ಒಂದು ಮೂಲೆ ಎಬ್ಬಿಸಿ, ಬಟ್ಟೆಯಲ್ಲಿ ಹಿಡಿದು ಎಳೆಯಿರಿ. ಬಿಟ್ಟರೆ ಅದು ಚರ್ಮದ ಹಾಗೆ ಹಲ್ಲಿಗೆ ಸಿಕ್ಕುತ್ತದೆ, ಮಸಾಲೆಯೂ ಒಳಗೆ ಇಳಿಯುವುದಿಲ್ಲ.

4 ಸಣ್ಣ ಚಮಚ ಉಪ್ಪು, 2 ಚಮಚ ಬ್ಯಾಡಗಿ ಮೆಣಸಿನ ಪುಡಿ, 1 ಚಮಚ ಕಾಳುಮೆಣಸು, ಜಜ್ಜಿದ ಬೆಳ್ಳುಳ್ಳಿ. ಎರಡೂ ಕಡೆ ಹಚ್ಚಿ, ರಾತ್ರಿ ಫ್ರಿಜ್ಜಿನಲ್ಲಿಡಿ.

ಮೆತ್ತಗಾಗುವುದು ಮಾರನೆ ದಿನ, ಇಡ್ಲಿ ಪಾತ್ರೆಯಲ್ಲಿ. ಈ ಮಾಂಸದ ತುಂಬ ಕೊಲಾಜೆನ್ ಅನ್ನುವ ಗಟ್ಟಿ ನಾರಿದೆ. ಅದು ಕರಗಿ ಅಂಟಂಟಾಗಲು ಬಿಸಿ 70 ಡಿಗ್ರಿ ದಾಟಿ, ತುಂಬಾ ಹೊತ್ತು ಹಾಗೇ ಇರಬೇಕು. ಜೋರು ಕೆಂಡದ ಮೇಲೆ ಅಷ್ಟು ಹೊತ್ತು ಇಟ್ಟರೆ ಸೀಯದೆ ಇರುತ್ತಾ? ಅದಕ್ಕೇ ಹಬೆ. ಅಗಲದ ಇಡ್ಲಿ ಪಾತ್ರೆಯಲ್ಲಿ ಜಾಲರಿ ತಟ್ಟೆ ಇಟ್ಟು, ಅದರ ಮೇಲೆ ಅಂಚಿರುವ ತಟ್ಟೆಯಲ್ಲಿ ಮಾಂಸ ಇಡಿ. ಫಾಯಿಲ್ ಮುಚ್ಚಿ. ಸಣ್ಣ ಉರಿಯಲ್ಲಿ ಎರಡು ಗಂಟೆ. ನೀರು ಬತ್ತದ ಹಾಗೆ ಅರ್ಧ ಗಂಟೆಗೊಮ್ಮೆ ನೋಡಿ, ಬಿಸಿನೀರೇ ಸೇರಿಸಿ. ಮೂಳೆ ತುದಿಯಿಂದ ಮಾಂಸ ಹಿಂದೆ ಸರಿದು, ಫೋರ್ಕ್ ಸಲೀಸಾಗಿ ಇಳಿದರೆ ಆಯಿತು. ಅಪ್ಪನಿಗೆ ಅಂತ ನಾನು ಇನ್ನೂ ಅರ್ಧ ಗಂಟೆ ಜಾಸ್ತಿ ಬಿಡುತ್ತೇನೆ. ಬೆಂದ ಮೇಲೆ ಪೂರ್ತಿ ಆರಲಿ. ಬಿಸಿಯಲ್ಲೇ ಎತ್ತಿದರೆ ಮುರಿದು ಬೀಳುತ್ತದೆ.

ಆ ಹೊತ್ತಿಗೆ ಸಾಸ್. ಕೋಲಾರದಲ್ಲಿದ್ದುಕೊಂಡು ಬಾಟಲಿ ಸಾಸ್ ಯಾಕೆ, ಅಲ್ವಾ? ಅರ್ಧ ಕೆಜಿ ಹಣ್ಣಾದ ಟೊಮೆಟೊ, ಒಂದು ಈರುಳ್ಳಿ, ಎಂಟು ಎಸಳು ಬೆಳ್ಳುಳ್ಳಿ ಬೇಯಿಸಿ, ರುಬ್ಬಿ, ಸೋಸಿ. ನಿಂಬೆ ಗಾತ್ರದ ಹುಣಸೆಯ ರಸ, 100 ಗ್ರಾಂ ಬೆಲ್ಲ, ಮೆಣಸಿನ ಪುಡಿ, ಉಪ್ಪು ಹಾಕಿ. ಮಾಂಸದಿಂದ ತಟ್ಟೆಗೆ ಇಳಿದ ರಸವನ್ನೂ, ಮೇಲಿನ ಕೊಬ್ಬು ತೆಗೆದು, ಎರಡು ಸೌಟು ಸೇರಿಸಿ. ಚಮಚದ ಬೆನ್ನಿಗೆ ಅಂಟುವ ತನಕ ಕುದಿಸಿ.

ನನ್ನ ಒಲೆ ಅಂದರೆ ಗಾರೆ ಕೆಲಸದ ಕಬ್ಬಿಣದ ಬಾಂಡ್ಲಿ, ಮೇಲೊಂದು ಜಾಲರಿ. ನಮ್ಮ ಕಡೆ ಮಾವಿನ ತೋಟಕ್ಕೆ ಬರವಿಲ್ಲ. ಸವರಿದ ಕೊಂಬೆಗಳನ್ನು ಒಣಗಿಸಿಟ್ಟು ಉರಿಸುತ್ತೇನೆ. ಹಸಿ ಕಟ್ಟಿಗೆ ಬೇಡವೇ ಬೇಡ, ಹೊಗೆ ಕಹಿ ಬರುತ್ತದೆ. ಉರಿ ಪೂರ್ತಿ ಇಳಿದು ಕೆಂಡದ ಮೇಲೆ ಬೂದಿ ಕೂರಲಿ. ಕೆಂಡವನ್ನು ಒಂದು ಪಕ್ಕಕ್ಕೆ ತಳ್ಳಿ, ಮಾಂಸವನ್ನು ಇನ್ನೊಂದು ಪಕ್ಕಕ್ಕೆ ಇಡಿ. ಕೊಬ್ಬು ನೇರವಾಗಿ ಕೆಂಡಕ್ಕೆ ತೊಟ್ಟಿಕ್ಕಿದರೆ ಜ್ವಾಲೆ ಏಳುತ್ತದೆ.

ಮೊದಲ ಹತ್ತು ನಿಮಿಷ ಸಾಸ್ ಹಚ್ಚಬೇಡಿ. ಬೆಲ್ಲ ಬೇಗ ಸೀಯುತ್ತದೆ. ಆಮೇಲೆ ತೆಳ್ಳಗೆ ಸವರಿ, ಮೂರು ನಿಮಿಷಕ್ಕೆ ತಿರುವಿ, ಮತ್ತೆ ಸವರಿ. ಮೂರು ಸುತ್ತಿಗೆ ಕೆಂಪಗೆ ಹೊಳೆಯುತ್ತದೆ. ತಾರಸಿ ಇಲ್ಲದವರು 220 ಡಿಗ್ರಿ ಓವನ್ನಿನಲ್ಲಿ ಹದಿನೈದು ನಿಮಿಷ ಇಟ್ಟರೂ ಬಣ್ಣ ಬರುತ್ತದೆ. ಮಾವಿನ ಹೊಗೆಯ ವಾಸನೆ ಮಾತ್ರ ಇರುವುದಿಲ್ಲ.

ಹತ್ತು ನಿಮಿಷ ಬಿಟ್ಟು ಮೂಳೆಗಳ ನಡುವೆ ಕತ್ತರಿಸಿ. ಜೊತೆಗೆ ಹಸಿ ಈರುಳ್ಳಿ, ನಿಂಬೆಹಣ್ಣು. ಉಳಿದ ರಸಕ್ಕೆ ಸಾರಿನ ಪುಡಿ ಹಾಕಿ ಕುದಿಸಿದರೆ ರಾತ್ರಿ ಮುದ್ದೆಗೆ ಆಗುತ್ತದೆ.