ಬೈ ಎಲೆಕ್ಷನ್ ಬಂದ್ರೆ ಕೊಡಗಿನವ್ರು ಮೊದ್ಲೇ ಮಾಡ್ಕೋಬೇಕಾದ ಕೆಲ್ಸಗಳು

ಎಮ್ಮೆಲ್ಲೆ ಸೀಟ್ ಖಾಲಿ ಆದ್ರೆ ಆರು ತಿಂಗಳೊಳಗೆ ಉಪಚುನಾವಣೆ ಮಾಡ್ಬೇಕು ಅಂತ ಕಾನೂನಿದೆ, ಅವಧಿ ಒಂದು ವರ್ಷಕ್ಕಿಂತ ಕಮ್ಮಿ ಉಳಿದಿದ್ರೆ ಬಿಡಬಹುದು. 1952ರಲ್ಲಿ ಕೊಡಗು ಪ್ರತ್ಯೇಕ ರಾಜ್ಯ ಆಗಿದ್ದಾಗ ನಮ್ಗೇ 24 ಜನ ಶಾಸಕರಿದ್ರು, ಈಗ ಮಡಿಕೇರಿ, ವಿರಾಜಪೇಟೆ ಅಂತ ಇರೋದೇ ಎರಡು ಸೀಟು. ಅದ್ರಲ್ಲಿ ಒಂದು ಖಾಲಿ ಬಿದ್ರೆ ಎಷ್ಟು ನಷ್ಟ ನೀವೇ ಯೋಚ್ನೆ ಮಾಡಿ, ಅದಕ್ಕೇ ಇದನ್ನ ಸಣ್ಣ ಎಲೆಕ್ಷನ್ ಅಂತ ದಯವಿಟ್ಟು ಬಿಡಬೇಡಿ.

ಮೊದ್ಲು ನಿಮ್ಮ ಕ್ಷೇತ್ರ ಯಾವ್ದು ನೋಡ್ಕೊಳ್ಳಿ. ತಾಲ್ಲೂಕು ನೋಡಿ ಅಂದಾಜು ಮಾಡ್ಬೇಡಿ, ನಾಪೋಕ್ಲು ಮಡಿಕೇರಿ ತಾಲ್ಲೂಕಲ್ಲಿದೆ ಆದ್ರೆ ಓಟು ವಿರಾಜಪೇಟೆ ಕ್ಷೇತ್ರಕ್ಕೆ. ಚುನಾವಣಾ ಆಯೋಗದ ಇಸಿಐನೆಟ್ ಆ್ಯಪಲ್ಲಿ (ಮೊದ್ಲು ವೋಟರ್ ಹೆಲ್ಪ್‌ಲೈನ್ ಅಂತ ಇತ್ತು) ಎಪಿಕ್ ಅಂದ್ರೆ ವೋಟರ್ ಐಡಿ ನಂಬರ್ ಹಾಕಿದ್ರೆ ಕ್ಷೇತ್ರ, ಭಾಗದ ಸಂಖ್ಯೆ, ಕ್ರಮಸಂಖ್ಯೆ, ಬೂತ್ ಎಲ್ಲಾ ಬರುತ್ತೆ, ನೆಟ್‌ವರ್ಕ್ ಸಿಗದ ಕಡೆ ಇದ್ರೆ 1950ಗೆ ಫೋನ್ ಮಾಡಿ. ಹೆಸರಿಲ್ಲ ಅಂದ್ರೆ ಫಾರಂ 6, ಮನೆ ಬದಲಾಗಿದ್ರೆ ಫಾರಂ 8. ನಾಮಪತ್ರ ಸಲ್ಲಿಸೋ ಕೊನೇ ದಿನ ಮುಗಿದ ಮೇಲೆ ಲಿಸ್ಟಿಗೆ ಯಾರನ್ನೂ ಸೇರಿಸೋ ಹಾಗಿಲ್ಲ, ಅರ್ಜಿ ಪರಿಶೀಲನೆಗೂ ಟೈಮ್ ಬೇಕು, ಹಾಗಾಗಿ ದಿನಾಂಕ ಅನೌನ್ಸ್ ಆಗ್ಲಿ ನೋಡೋಣ ಅಂತ ಕೂತ್ಕೋಬೇಡಿ.

ಎಸ್ಟೇಟ್ ಕಾರ್ಮಿಕರ ಲೈನ್ ಮನೇಲಿರೋರು ಇದನ್ನ ಸರಿಯಾಗಿ ಗಮನಿಸಿ. ಮತದಾರರ ಪಟ್ಟಿ ನೋಡ್ಕೊಳ್ಳೋ ಬೂತ್ ಮಟ್ಟದ ಅಧಿಕಾರಿ (ಬಿಎಲ್‌ಒ) ಬಂದಾಗ ನೀವು ಕಾಫಿ ಕುಯ್ಯೋಕೆ ಬೇರೆ ಎಸ್ಟೇಟಿಗೆ ಹೋಗಿ ಮನೆ ಬೀಗ ಹಾಕಿದ್ರೆ ಗೈರು, ಸ್ಥಳಾಂತರ, ಮೃತ ಅಂತ ಮಾಡೋ ಪಟ್ಟಿಗೆ ನಿಮ್ಮ ಹೆಸರೂ ಸೇರಿಬಿಡಬಹುದು. ಬೂತಲ್ಲಿ ಆ ಪಟ್ಟಿ ತೋರ್ಸಿದ್ರೆ ಹೆದರಿ ವಾಪಸ್ ಬರ್ಬೇಡಿ. ಮತದಾರರ ಲಿಸ್ಟಲ್ಲಿ ಹೆಸರಿದ್ದು, ಗುರುತು ಸರಿಯಾಗಿ ತೋರ್ಸಿದ್ರೆ ಓಟು ಹಾಕೋ ಹಕ್ಕು ನಿಮ್ದೇ. ಎಪಿಕ್ ಇಲ್ದಿದ್ರೆ ಆಧಾರ್, ಉದ್ಯೋಗ ಖಾತರಿ ಜಾಬ್ ಕಾರ್ಡ್, ಫೋಟೋ ಇರೋ ಬ್ಯಾಂಕ್ ಪಾಸ್‌ಬುಕ್ಕೂ ನಡೆಯುತ್ತೆ. ಬರೀ ವೋಟರ್ ಸ್ಲಿಪ್ ಸಾಕಾಗಲ್ಲ.

ಬೆಂಗಳೂರಲ್ಲಿ ಕೆಲ್ಸ ಮಾಡೋ ನಮ್ಮ ಹುಡುಗ್ರು ಹುಡುಗೀರಿಗೆ: ಬೈ ಎಲೆಕ್ಷನ್ ದಿನ ಬೆಂಗಳೂರಿಗೆ ರಜೆ ಇರಲ್ಲ, ಆದ್ರೆ ನಿಮ್ಮ ಓಟು ಆ ಕ್ಷೇತ್ರದಲ್ಲಿದ್ರೆ ಸಂಬಳ ಕಟ್ ಮಾಡ್ದೆ ನಿಮ್ಗೆ ರಜೆ ಕೊಡ್ಬೇಕು, ಪ್ರಜಾಪ್ರತಿನಿಧಿ ಕಾಯ್ದೆಯ ಸೆಕ್ಷನ್ 135ಬಿ ಅಂತ ಹೇಳಿ, ಲಿಸ್ಟಲ್ಲಿ ಹೆಸರಿರೋ ಪೇಜ್ ಸೇರ್ಸಿ ಎಚ್‌ಆರ್‌ಗೆ ಮೇಲ್ ಹಾಕಿ. ಬಾಯ್ಮಾತಲ್ಲಿ ಕೇಳಿದ್ರೆ ಮುಂದೂಡ್ತಾರೆ. ದಿನಗೂಲಿಯವ್ರಿಗೂ ಇದು ಅನ್ವಯ ಆಗುತ್ತೆ.

ಮನೇಲಿ 85 ದಾಟಿದ ಅಜ್ಜಿ ತಾತ ಇದ್ರೆ ಫಾರಂ 12ಡಿ ಕೊಟ್ಟು ಮನೆಯಿಂದ್ಲೇ ಓಟು ಹಾಕಿಸ್ಬಹುದು, ಅಧಿಸೂಚನೆ ಆದ ಐದು ದಿನದೊಳಗೆ ಕೊಡ್ಬೇಕು.

ಬೂತಲ್ಲಿ ಬಟನ್ ಒತ್ತಿದ ತಕ್ಷಣ ತಿರುಗಿ ಹೊರಡ್ಬೇಡಿ, ಪಕ್ಕದಲ್ಲಿರೋ ಚೀಟಿ ತೋರ್ಸೋ ಮಷಿನ್ ವಿವಿಪ್ಯಾಟ್ ಗಾಜಿನೊಳಗೆ ನೀವು ಒತ್ತಿದ ಅಭ್ಯರ್ಥಿ ಹೆಸರು, ಚಿಹ್ನೆ ಇರೋ ಚೀಟಿ 7 ಸೆಕೆಂಡ್ ಕಾಣುತ್ತೆ, ನೋಡಿ ಬನ್ನಿ. ಮಳೆಗಾಲ ಆದ್ರೆ, ಆನೆ ಓಡಾಡೋ ದಾರಿ ಆದ್ರೆ ಬೆಳಗ್ಗೆನೇ ನಾಲ್ಕು ಜನ ಸೇರಿ ಹೋಗಿ. ಲೇಟಾದ್ರೂ ಪರ್ವಾಗಿಲ್ಲ, ಮುಗಿಯೋ ಟೈಮಿಗೆ ಕ್ಯೂನಲ್ಲಿ ನಿಂತಿದ್ರೆ ಟೋಕನ್ ಕೊಡ್ತಾರೆ, ಓಟು ಹಾಕ್ಸಿನೇ ಕಳಿಸ್ತಾರೆ.